ಬೋಳಾರದ ಹೊಳೆದಂಡೆಯಲ್ಲಿ ವಿಮಾನದ ಯಂತ್ರ

ಮಂಗಳೂರಿಗೆ ಹೆಸರನ್ನಿತ್ತ ಮಂಗಳಾದೇವಿಯ ದೇವಸ್ಥಾನವಿರುವುದು ಬೋಳಾರದಲ್ಲಿ. ದೇವಿಯ ದರ್ಶನವನ್ನು ಮುಗಿಸಿ ಹೊಳೆಯ ಕಡೆಗೆ ಇಳಿದು ನಡೆದರೆ, ನೇತ್ರಾವತಿಯು ಸಮುದ್ರವನ್ನು ಸೇರುವ ಮುನ್ನ ಅಗಲವಾಗಿ ಹರಡಿಕೊಂಡಿರುವುದು ಕಾಣುತ್ತದೆ. ನೆರೆಯ ಜೆಪ್ಪಿನಲ್ಲಿ ಬಾಸೆಲ್ ಮಿಶನಿನವರು 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ ಈ ದಂಡೆಯುದ್ದಕ್ಕೂ ಹಂಚಿನ ಆವಿಗೆಗಳು ಎದ್ದವು. ಅವುಗಳಲ್ಲಿ ಹೆಚ್ಚಿನವು ಈಗ ತಣ್ಣಗಾಗಿವೆ. ಆದರೂ ಯಂತ್ರದ ಸದ್ದು ಇಲ್ಲಿಂದ ಹೋಗಿಲ್ಲ. ಮೀನುಗಾರಿಕೆಯ ದೋಣಿಗಳ ಎಂಜಿನುಗಳು ಹೊತ್ತಾರೆಯೇ ಹೊಳೆಯನ್ನು ಎಬ್ಬಿಸುತ್ತವೆ.

ಅಲ್ಲಿಯ ಮಿತ್ರರೊಬ್ಬರ ಮನೆಯಲ್ಲಿ ನಾವು ಎರಡು ದಿನ ಉಳಿದಿದ್ದೆವು. ಅವರು ದೋಣಿಯ ಒಡೆಯರು. ಅವರ ಮಗನಿಗೆ ವಿಮಾನ ದುರಸ್ತಿಯ ವಿದ್ಯೆಯನ್ನು ಕಲಿಯುವ ಹಂಬಲ. ಅದಕ್ಕೆ ತಗಲುವ ಹಣವಾದರೋ ಒಂದು ಹಳೆಯ ದೋಣಿಯ ಬೆಲೆಗೆ ಸಮ. ಹುಡುಗನು ಮೊಬೈಲಿನಲ್ಲಿ ಎಂಜಿನುಗಳ ಚಲಿಸುವ ಚಿತ್ರಗಳನ್ನು ನೋಡುತ್ತಲೇ ಇರುವುದನ್ನು ಕಂಡು ತಂದೆಗೆ ಸಂದೇಹ. “ಇದು ವಿದ್ಯೆಯೋ ವಿನೋದವೋ, ನೀವೇ ನೋಡಿ ಹೇಳಿ” ಎಂದು ನಮ್ಮನ್ನು ಕೇಳಿಕೊಂಡರು.

ಅಂದು ಸಂಜೆ ಜಗಲಿಯಲ್ಲಿ ಕುಳಿತು ಆ ಚಿತ್ರಗಳನ್ನು ನಾವೂ ನೋಡಿದೆವು. ಲೋಹದ ಗೋಡೆಯನ್ನು ಗಾಜಿನಂತೆ ಮಾಡಿ ಒಳಗಿನದನ್ನು ತೋರಿಸುವುದೇ ಅವುಗಳ ಗುಣ. ಸಿಲಿಂಡರಿನೊಳಗೆ ಪಿಸ್ಟನ್ನು ಕೆಳಗಿಳಿದಾಗ ಗಾಳಿಯೂ ಪೆಟ್ರೋಲಿನ ಆವಿಯೂ ಒಳಗೆ ಬರುತ್ತವೆ. ಮೇಲೇರಿದಾಗ ಅವು ಒತ್ತಲ್ಪಡುತ್ತವೆ. ಕಿಡಿ ತಗಲಿ ಉರಿದಾಗ ಪಿಸ್ಟನ್ನು ಬಲದಿಂದ ಕೆಳಗೆ ದೂಡಲ್ಪಡುತ್ತದೆ. ಮರಳಿ ಏರಿದಾಗ ಸುಟ್ಟ ಹೊಗೆ ಹೊರಬೀಳುತ್ತದೆ. ಈ ನಾಲ್ಕು ನಡೆಗಳಿಗೆ ದಂಡವು ಎರಡು ಸುತ್ತು ತಿರುಗುತ್ತದೆ. ದೋಣಿಯ ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಬಲವಾಗಿ ಒತ್ತಿದ ಗಾಳಿಯ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ.

1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದಾಗ ಬಜಪೆಯ ನಿಲ್ದಾಣವು ತೆರೆಯಿತು. ಡಕೋಟಾಗಳಲ್ಲಿ ಬಹಳಷ್ಟಕ್ಕೆ ‘ಟ್ವಿನ್ ವಾಸ್ಪ್’ ಎಂಬ ಎಂಜಿನುಗಳು ಎರಡೆರಡು. ಒಂದೊಂದರಲ್ಲಿಯೂ ಏಳೇಳರ ಎರಡು ಸಾಲುಗಳಲ್ಲಿ 14 ಸಿಲಿಂಡರುಗಳು ಚಕ್ರದ ಅರಗಳಂತೆ ನಿಂತಿರುತ್ತವೆ. ಬಲ ಸುಮಾರು 1200 ಕುದುರೆಗಳದು. ದಂಡವು ನಿಮಿಷಕ್ಕೆ 2700 ಸಲ ತಿರುಗುವಾಗ ಅಂಥ ಒಂದು ಎಂಜಿನಿನಲ್ಲಿ ಪ್ರತಿ ಸೆಕೆಂಡಿಗೆ 315 ಸಲ ಬೆಂಕಿ ಹೊತ್ತುತ್ತದೆ!

“ಸಾಲಿಗೆ ಏಳೇ ಏಕೆ? ಎಂಟಿದ್ದರೆ ಆಗದೇ?” ಎಂದು ನಾವು ಕೇಳಿದೆವು. ಹುಡುಗನು ಏಳು ಅಡಕೆಗಳನ್ನು ಸುತ್ತಲೂ ಇಟ್ಟನು. “ಪಂಕ್ತಿಯಲ್ಲಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ಬಡಿಸಿದಂತೆ. ಮೊದಲ ಸುತ್ತಿನಲ್ಲಿ ಒಂದು, ಮೂರು, ಐದು, ಏಳು. ಹಾಗೆಯೇ ಮುಂದುವರಿದರೆ ಎರಡು, ನಾಲ್ಕು, ಆರು. ಎರಡು ಸುತ್ತಿನಲ್ಲಿ ಎಲ್ಲರಿಗೂ ಸಮನಾದ ಅಂತರದಲ್ಲಿ ಬಡಿಸಿದಂತಾಯಿತು. ಎಂಟು ಮಂದಿಯಿದ್ದರೆ ಮೊದಲಿನವರಿಗೇ ಪುನಃ ಬಡಿಸಬೇಕಾಗುತ್ತದೆ, ಉಳಿದವರು ಉಪವಾಸ” ಎಂದನು. ಈ ಅಡಕೆಯ ಲೆಕ್ಕವು ಯಾವ ಚಿತ್ರದಲ್ಲಿಯೂ ಇರಲಿಲ್ಲ.

ಅಷ್ಟರಲ್ಲಿ ಎಲೆ ಮಡಚುತ್ತಿದ್ದ ಅಜ್ಜಿ ತಲೆಯೆತ್ತಿ, “ಕಡಲಲ್ಲಿ ಎಂಜಿನು ನಿಂತರೆ ನಿನ್ನ ಅಪ್ಪ ಲಂಗರು ಹಾಕಿಯಾನು. ಆಕಾಶದಲ್ಲಿ ಕಿಡಿ ಆರಿದರೆ ಏನು ಗತಿ, ಮಗಾ?” ಎಂದರು. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕಾಗಿಯೇ ಅಜ್ಜಿ, ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಎರಡಿರುತ್ತವೆ, ಪ್ರತಿ ಸಿಲಿಂಡರಿಗೂ ಕಿಡಿಯ ಪ್ಲಗ್ಗು ಎರಡು. ಒಂದು ಸೋತರೆ ಇನ್ನೊಂದು ನಡೆಸುತ್ತದೆ. ಹಾರುವ ಮೊದಲು ಚಾಲಕನು ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸುತ್ತಾನೆ. ಆದರೆ ಎಂಜಿನನ್ನು ಬಿಚ್ಚಿ ಜೋಡಿಸಿದವನು ತಪ್ಪಿದರೆ ಎರಡಿದ್ದೂ ಸಾಲದು” ಎಂದನು. ತಂದೆ ಅವನ ಮುಖವನ್ನೇ ನೋಡುತ್ತಿದ್ದರು.

ಮರುದಿನ ಅವರೇ ಮಗನನ್ನು ದಂಡೆಯ ದುರಸ್ತಿ ಕೊಟ್ಟಿಗೆಗೆ ಕರೆದೊಯ್ದರು, ನಾವೂ ಹೋದೆವು. ಮುದುಕ ಮೇಸ್ತ್ರಿ ಸವೆದ ಪಿಸ್ಟನ್ ಬಳೆಯೊಂದನ್ನು ಅವನ ಅಂಗೈಯಲ್ಲಿಟ್ಟರು. ಚಿತ್ರದ ಪಿಸ್ಟನ್ನಿಗೆ ಸವೆತವಿಲ್ಲ, ಕಾವಿಲ್ಲ, ಎಣ್ಣೆಯ ಜಿಡ್ಡಿಲ್ಲ. ಬಳೆ ಸವೆದರೆ ಬಲ ಸೋರುವುದು, ಎಣ್ಣೆ ಉರಿಯುವುದು, ಹೊಗೆ ನೀಲಿಯಾಗುವುದು ಎಂಬುದನ್ನು ಮೇಸ್ತ್ರಿಯಿಂದ ಕೇಳಿ, ಹುಡುಗನು ಬಳೆಯ ಅಂಚಿನ ಮೇಲೆ ಉಗುರಾಡಿಸಿ ನೋಡಿದನು.

ಇಂದು ಬಜಪೆಗೆ ಬರುವ ದೊಡ್ಡ ಜೆಟ್ ವಿಮಾನಗಳಲ್ಲಿ ಪಿಸ್ಟನ್ನುಗಳಿಲ್ಲ; ಅವು ಉಳಿದಿರುವುದು ಮುಖ್ಯವಾಗಿ ತರಬೇತಿಯ ಸಣ್ಣ ವಿಮಾನಗಳಲ್ಲಿ. ಆದರೂ ಅವನ್ನು ಅರಿತ ಶ್ರಮ ವ್ಯರ್ಥವಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾದಾಗ, ವಿಮಾನದ ಕೆಲಸವನ್ನು ಹಿಂದೆ ಕಾಣದ ಎಷ್ಟೋ ಕೈಗಳು ಅಲ್ಲಿ ಅದನ್ನು ಕಲಿತವು. ಮಹಾಯುದ್ಧದ ಕಾಲದಲ್ಲಿ ಅಲ್ಲಿಯೇ ವಿಮಾನಗಳೂ ಎಂಜಿನುಗಳೂ ದುರಸ್ತಿಯಾದವು.

ನಮ್ಮ ಅಭಿಪ್ರಾಯವನ್ನು ಮಿತ್ರರು ಪುನಃ ಕೇಳಿದಾಗ ನಾವು ಹೇಳಿದ್ದಿಷ್ಟೇ: ಮಗನು ಮಳೆಗಾಲ ಮುಗಿಯುವ ತನಕ ಮೇಸ್ತ್ರಿಯ ಬಳಿ ದುಡಿಯಲಿ, ಆಮೇಲೂ ಹಂಬಲ ಉಳಿದರೆ ಹಣವನ್ನು ಹೂಡಿರಿ. ಕಣ್ಣು ಕಂಡದ್ದನ್ನು ಕೈ ಒಪ್ಪಬೇಕು. ಮನೆಯ ಮಕ್ಕಳು ಇಂಥ ಚಿತ್ರಗಳಲ್ಲಿ ಮುಳುಗಿದ್ದರೆ ವಾಚಕರು ಗದರದಿರಲಿ. ಪಕ್ಕದಲ್ಲಿ ಕುಳಿತು, ಆ ಅಜ್ಜಿಯಂತೆ ಒಂದು ಪ್ರಶ್ನೆಯನ್ನು ಕೇಳಲಿ.