ಒಂದೇ ಹೊಳೆ, ಎರಡು ಮನೆ

ಅಮ್ಮನ ತವರು ನಂಜನಗೂಡು, ಅಪ್ಪನ ಊರು ತಿರುಮಕೂಡಲು ನರಸೀಪುರ. ಎರಡೂ ಕಪಿಲೆಯ ದಂಡೆಯವೇ. ನಂಜನಗೂಡು ಮೇಲೆ, ನರಸೀಪುರ ಕೆಳಗೆ. ಹಾಗಾಗಿ ನಮ್ಮಲ್ಲಿ ಬೀಗರ ಜಗಳವೆಂದರೆ ಹೊಳೆಯ ಜಗಳ. "ನಾವು ಮಿಂದು ಬಿಟ್ಟ ನೀರಲ್ಲೇ ನೀವು ಮೀಯೋದು" ಅಂತ ಸೋದರಮಾವ ಛೇಡಿಸಿದರೆ, "ಬರಲಿ ಬಿಡಿ, ಇಲ್ಲಿಗೆ ಬಂದು ಕಾವೇರೀನ ಸೇರಿದ ಮೇಲೇ ಅದಕ್ಕೆ ಸದ್ಗತಿ" ಅಂತ ಚಿಕ್ಕಪ್ಪ. ಬೇಸಿಗೆ ರಜೆ ಬಂತೆಂದರೆ ಮಕ್ಕಳಾದ ನಾವು ಎರಡೂ ಪಕ್ಷಗಳ ಉಪ್ಪುಂಡು ಬೆಳೆದವರು.

ನಂಜನಗೂಡನ್ನು ದಕ್ಷಿಣ ಕಾಶಿ ಅನ್ನುತ್ತಾರೆ. ಅಜ್ಜಿ ಆ ಮಾತನ್ನು ತನ್ನ ಸ್ವಂತ ಆಸ್ತಿಯ ಹಾಗೆ ಆಡುತ್ತಿದ್ದಳು. ನರಸೀಪುರದ ತಾತ ಬಿಡಬೇಕಲ್ಲ! ಅವರ ಊರಿನ ಗುಂಜಾ ನರಸಿಂಹಸ್ವಾಮಿಯ ಬೆರಳ ಸಂದಿಯಲ್ಲಿ ಗುಲಗಂಜಿಯಿದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದಕ್ಕೆ ಅದೇ ಗುರುತು ಅಂತ ನಂಬಿಕೆ. "ನೀವು ಕಾಶಿಗೆ ಸಮ, ಒಪ್ಪಿದೆ. ನಾವು ಅದರ ಮೇಲೆ ಒಂದು ಗುಲಗಂಜಿ" ಎಂದು ತಾತ ನಶ್ಯ ಏರಿಸುತ್ತಿದ್ದರು. ಅಜ್ಜಿ ಸೊಪ್ಪು ಸೋಸುತ್ತಲೇ, "ಒಂದು ಗುಲಗಂಜಿ ತಾನೆ? ಮಗಳ ಮೂಗುಬೊಟ್ಟಿಗೇ ಅದಕ್ಕಿಂತ ಹೆಚ್ಚು ಚಿನ್ನ ಹಾಕಿ ಕಳಿಸಿದ್ದೀವಿ" ಅಂದಳು. ಆ ಮಾತು ಇವತ್ತಿಗೂ ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿದೆ.

ದೊಡ್ಡ ಜಾತ್ರೆಯ ವಿಷಯಕ್ಕೆ ಬಂದರೆ ಮಾತ್ರ ನರಸೀಪುರದವರು ಬಾಯಿ ಮುಚ್ಚಲೇಬೇಕು. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ, ಹೀಗೆ ಐದು ತೇರು! ಪರೀಕ್ಷೆಗೂ ಜಾತ್ರೆಗೂ ಡಿಕ್ಕಿಯಾಗದ ವರ್ಷ ನಮ್ಮ ಪುಣ್ಯ. ಹಿಂದಿನ ರಾತ್ರಿ ಜಗಲಿಯ ಮೇಲೆ ಕೂತು ಹಣ್ಣು-ಜವನ ಸಿದ್ಧ ಮಾಡುವುದು ಹುಡುಗರ ಕೆಲಸ. ಬಾಳೆಹಣ್ಣಿನ ತುದಿಗೆ ಜವನದ ಎಸಳು ಚುಚ್ಚಬೇಕು; ಮೆತ್ತಗಿನ ಹಣ್ಣಾದರೆ ಎಸೆಯುವ ಮೊದಲೇ ಒಡೆದು ಅಂಗಿಯೆಲ್ಲ ಅಂಟು. ಬೆಳಗಿನ ಜಾವ ಗೌತಮ ರಥ ಅಲುಗಿದ ಕೂಡಲೇ ಕಲಶಕ್ಕೇ ಗುರಿಯಿಡುತ್ತಿದ್ದೆವು. ಹಣ್ಣು ಹೋಗಿ ಬೀಳುತ್ತಿದ್ದುದು ಮುಂದೆ ನಿಂತ ಯಾವುದೋ ಪುಣ್ಯಾತ್ಮನ ಬೋಳುತಲೆಯ ಮೇಲೆ.

ಎಸೆಯಲು ಸಾದಾ ಹಣ್ಣು. ರಸಬಾಳೆಯನ್ನು ಎಸೆದವರಿಗೆ ಅಜ್ಜಿಯಿಂದ ಬೆನ್ನಿಗೆ ಗುದ್ದು. ನಂಜನಗೂಡು ರಸಬಾಳೆಯ ಸಿಪ್ಪೆ ಕಾಗದದಷ್ಟು ತೆಳು, ತಿರುಳು ಬೆಣ್ಣೆ. ಸಿಪ್ಪೆ ಕಪ್ಪಾದರೂ ಒಳಗೆ ಕೆಡದು, ರುಚಿ ಇನ್ನೂ ಏರುತ್ತದೆ. ಗೊನೆಯನ್ನು ಅಟ್ಟದಲ್ಲಿ ತೂಗುಹಾಕಿದರೆ ಮನೆಯೆಲ್ಲ ಘಮ ಘಮ. ಸೊರಗು ರೋಗ ಬಂದು ದೇವರಸನಹಳ್ಳಿಯ ಕಡೆಯ ತೋಟಗಳನ್ನೂ ತಿಂದಿತು. ಈಗ ಭೌಗೋಳಿಕ ಸೂಚಕದ ಮಾನ್ಯತೆಯೇನೋ ಇದೆ, ಹಣ್ಣನ್ನು ಮಾತ್ರ ಹುಡುಕಿಕೊಂಡು ಹೋಗಬೇಕು. ನನ್ನ ಮಟ್ಟಿಗೆ ಇದು ಅಜ್ಜಿ ಹೋದದ್ದಕ್ಕಿಂತ ಸ್ವಲ್ಪವೇ ಕಡಿಮೆ ನಷ್ಟ. ಇದನ್ನು ಕೇಳಿದ್ದರೆ ಅವಳೂ ಒಪ್ಪುತ್ತಿದ್ದಳು.

ನರಸೀಪುರದ ದಿನಗಳಲ್ಲಿ ಸಡಗರ ಕಡಿಮೆ, ನೀರಾಟ ಹೆಚ್ಚು. ಅಗಸ್ತ್ಯೇಶ್ವರನ ಗುಡಿಯ ಮೆಟ್ಟಿಲಿಳಿದರೆ ಸಂಗಮ. ಕಾವೇರಿ, ಕಪಿಲೆಯ ಜೊತೆಗೆ ಗುಪ್ತವಾದ ಸ್ಫಟಿಕ ಸರೋವರವನ್ನೂ ಸೇರಿಸಿ ಮೂರು ಎನ್ನುವುದು ಸ್ಥಳಪುರಾಣ. "ಮೂರನೇದು ನಿಮ್ಮ ಬೀಗರ ಔದಾರ್ಯ ಇದ್ದ ಹಾಗೆ, ಇದೆ ಅಂತಾರೆ, ಕಾಣಲ್ಲ" ಅಂತ ಮಾವ ಅಂದದ್ದುಂಟು. 1989ರಲ್ಲಿ ಅಲ್ಲಿ ಕುಂಭಮೇಳ ಶುರುವಾಯಿತು ನೋಡಿ, ತಾತನಿಗೆ ಆನೆಬಲ. ಮೂರು ವರ್ಷಕ್ಕೊಮ್ಮೆ ನಂಜನಗೂಡಿನ ನೆಂಟರೇ ಗಂಟುಮೂಟೆ ಕಟ್ಟಿಕೊಂಡು ಬಂದು ಮುಳುಗು ಹಾಕಬೇಕಾಯಿತು.

ಮಳೆಗಾಲದಲ್ಲಿ ಈ ಪೈಪೋಟಿಗೆ ರಜೆ. ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹದಿನಾರು ಕಾಲು ಮಂಟಪ ಮುಳುಗುತ್ತಿದೆ ಎಂಬ ಸುದ್ದಿ ನಂಜನಗೂಡಿನಿಂದ ಟ್ರಂಕ್ ಕಾಲ್‌ನಲ್ಲಿ ಬರುತ್ತಿತ್ತು. ಆ ಕಡೆ ಮಾವ ಒಂದೇ ಉಸಿರಿಗೆ, "ಕೆಳಗಿನ ಕೋಣೆ ಖಾಲಿ ಮಾಡಿ, ಭತ್ತದ ಮೂಟೆ ಅಟ್ಟಕ್ಕೇರಿಸಿ" ಅನ್ನುತ್ತಿದ್ದರು. ಇಲ್ಲಿ ಚಿಕ್ಕಪ್ಪ ಮರುಮಾತಿಲ್ಲದೆ ಪಂಚೆ ಎತ್ತಿ ಕಟ್ಟುತ್ತಿದ್ದರು. ಮೇಲಿನವರು ಹೇಳಿದ್ದು ಸುಳ್ಳಾದದ್ದಿಲ್ಲ.

ಈಗ ಎರಡೂ ಮನೆಗಳು ಕೈಬದಲಾಗಿವೆ. ನಂಜನಗೂಡಿನಲ್ಲಿ ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಸೇತುವೆಯ ಮೇಲೆ ರೈಲೂ ಬಸ್ಸೂ ಅಕ್ಕಪಕ್ಕ ಹೋಗುತ್ತಿದ್ದವು ಅಂದರೆ ನಮ್ಮ ಮಕ್ಕಳು ನಂಬುವುದಿಲ್ಲ. ಪೈಪೋಟಿ ಮಾತ್ರ ವಾಟ್ಸ್‌ಆ್ಯಪ್‌ಗೆ ವಲಸೆ ಹೋಗಿ ಸುಖವಾಗಿದೆ. ಜಾತ್ರೆಯ ದಿನ ತಂಗಿ ತೇರಿನ ವಿಡಿಯೊ ಹಾಕಿದರೆ, ಚಿಕ್ಕಪ್ಪನ ಮಗ ಸಂಗಮದ ಚಿತ್ರ ಹಾಕಿ ಕೆಳಗೆ ಬರೀ "+1" ಅಂತ ಬರೆಯುತ್ತಾನೆ. ಅದು ತಾತನ ಗುಲಗಂಜಿ. ಕಳೆದ ರಜೆಯಲ್ಲಿ ಬೆಂಗಳೂರಿನ ಮೊಮ್ಮಕ್ಕಳನ್ನು ಎರಡೂ ಕಡೆ ಸುತ್ತಿಸಿ, ಯಾವ ಊರು ಚೆಂದ ಅಂತ ಕೇಳಿದೆವು. ಚಿಕ್ಕವಳು "ತಲಕಾಡು, ಮರಳಿದೆ" ಅಂದಳು. ತಲಕಾಡು ನರಸೀಪುರ ತಾಲ್ಲೂಕಿನದು, ಆದ್ದರಿಂದ ಅಂಕ ತಮ್ಮದೇ ಎಂದು ಚಿಕ್ಕಪ್ಪನ ಮಗ ವಾದಿಸುತ್ತಿದ್ದಾನೆ. ನಂಜನಗೂಡಿನ ಪಕ್ಷ ಇನ್ನೂ ಒಪ್ಪಿಲ್ಲ.