ಕೊರಳಿಗೆ ಬಿದ್ದ ತುಂಡು

ನಿನಗೀಗ ಆರು ವರ್ಷ. 1860ರ ದಶಕ, ಉತ್ತರ ವೇಲ್ಸಿನ ಬಾಲಾ ಸರೋವರದ ಬಳಿ ಲಾನ್ಯೂಖ್ಲಿನ್ ಹಳ್ಳಿಯ ಶಾಲೆ. ಮಳೆಯಲ್ಲಿ ನೆಂದ ಉಣ್ಣೆಯಂಗಿಗಳ ಕಮಟು ವಾಸನೆ ಕೋಣೆ ತುಂಬಿದೆ. ಮೇಷ್ಟ್ರು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದಾರೆ, ಒಂದಕ್ಷರವೂ ತಲೆಗೆ ಹತ್ತುತ್ತಿಲ್ಲ. ಮನೆಯಲ್ಲಿ, ಕೊಟ್ಟಿಗೆಯಲ್ಲಿ, ಪ್ರಾರ್ಥನಾ ಮಂದಿರದಲ್ಲಿ ನೀನು ಕೇಳಿ ಬೆಳೆದದ್ದು ವೆಲ್ಷ್ ಒಂದನ್ನೇ. ಪಕ್ಕದವನ ಕಡೆ ವಾಲಿ ಪಿಸುಗುಡುತ್ತೀಯ.

ಬೂಟುಗಳ ಸದ್ದು ಹತ್ತಿರ ಬರುತ್ತದೆ. ಕೊರಳಿಗೆ ಹುರಿ ಬೀಳುತ್ತದೆ. ಹುರಿಯ ತುದಿಯಲ್ಲೊಂದು ಮರದ ತುಂಡು, ಅದೇ 'ವೆಲ್ಷ್ ನಾಟ್'. ಇನ್ನೊಬ್ಬರು ವೆಲ್ಷ್ ಆಡಿದ್ದು ನಿನ್ನ ಕಿವಿಗೆ ಬಿದ್ದರೆ ಹೇಳಿಬಿಡು, ಅದು ಅವರ ಕೊರಳಿಗೆ ಹೋಗುತ್ತದೆ. ಶಾಲೆ ಬಿಡುವ ಹೊತ್ತಿಗೆ ಯಾರ ಕೊರಳಲ್ಲಿರುತ್ತದೋ ಅವರಿಗೆ ಬೆತ್ತದೇಟು.

ಆಟದ ಹೊತ್ತು. ಹುರಿ ಕತ್ತನ್ನು ತರಚುತ್ತಿದೆ, ತುಂಡು ಎದೆಗೆ ಬಡಿಯುತ್ತಿದೆ. ಗೆಳೆಯ ಎಡವಿ ಬೀಳುತ್ತಾನೆ. ನೋವಿಗೆ ಅವನ ಬಾಯಿಂದ ಹೊರಟದ್ದು ವೆಲ್ಷೇ. ಕೇಳಿಸಿತು. ನಿನಗೊಬ್ಬನಿಗೇ ಕೇಳಿಸಿತು. ಒಂದು ಮಾತು ಹೇಳಿದರೆ ನಿನ್ನ ಅಂಗೈ ಉಳಿಯುತ್ತದೆ. ನಾಲಗೆ ಒಣಗುತ್ತದೆ. ಗಂಟೆ ಹೊಡೆಯುತ್ತದೆ. ಹೇಳುತ್ತೀಯಾ?

ಈ ಹಳ್ಳಿಯ ಹುಡುಗ ಓವೆನ್ ಎಂ. ಎಡ್ವರ್ಡ್ಸ್ ಹೇಳಲಿಲ್ಲ. ತುಂಡನ್ನು ಒಮ್ಮೆಯೂ ಇನ್ನೊಬ್ಬರಿಗೆ ದಾಟಿಸಲಿಲ್ಲ ಎಂಬುದೇ ತನಗೆ ಸಮಾಧಾನ ಎಂದು ಅವರು ದೊಡ್ಡವರಾದ ಮೇಲೆ ಬರೆದರು. 1907ರಲ್ಲಿ ವೇಲ್ಸಿನ ಶಾಲೆಗಳ ಮುಖ್ಯ ಇನ್‌ಸ್ಪೆಕ್ಟರ್ ಆದರು. ಈ ಶಿಕ್ಷೆಯನ್ನು ಹೇರಿದ ಕಾನೂನು ಯಾವುದೂ ಇರಲಿಲ್ಲ. ಇಂಗ್ಲಿಷ್ ಬಂದರೆ ಮಕ್ಕಳ ಬದುಕು ಹಸನಾದೀತೆಂದು ನಂಬಿದ ಎಷ್ಟೋ ಹೆತ್ತವರೂ ಇದನ್ನು ಒಪ್ಪಿಕೊಂಡಿದ್ದರು. ನನಗೆ ಬೆತ್ತಕ್ಕಿಂತ ಹೆಚ್ಚು ನೋಯುವುದು ಇದೇ.

ಈಗ 1939ರ ಸೆಪ್ಟೆಂಬರ್, ಕಡಲ ದಂಡೆಯ ಅಬೆರಿಸ್ಟ್‌ವಿತ್. ಯುದ್ಧ ಶುರುವಾಗಿ ವಾರಗಳಷ್ಟೇ ಕಳೆದಿವೆ. ಬಾಂಬಿನ ಭಯಕ್ಕೆ ಲಿವರ್‌ಪೂಲ್ ಕಡೆಯಿಂದ ಕಳಿಸಿದ ಇಂಗ್ಲಿಷ್ ಮಾತಿನ ಮಕ್ಕಳು ಊರಿನ ಶಾಲೆಗಳಲ್ಲಿ ಕಿಕ್ಕಿರಿದಿದ್ದಾರೆ. ಆ ಗದ್ದಲದಲ್ಲಿ ತಮ್ಮ ಮಕ್ಕಳ ವೆಲ್ಷ್ ಮಾತು ಕರಗಿಹೋದೀತೆಂದು ಊರಿನ ಹೆತ್ತವರಿಗೆ ಆತಂಕ. ಎಡ್ವರ್ಡ್ಸರ ಮಗ ಇವಾನ್ ಸುಮ್ಮನಿರುವುದಿಲ್ಲ, ವೆಲ್ಷ್ ಮಾಧ್ಯಮದ ಮೊದಲ ಪ್ರಾಥಮಿಕ ಶಾಲೆಯನ್ನು ತೆರೆದೇಬಿಡುತ್ತಾರೆ. ಒಳಗೆ ಬಾ. ಟೀಚರ್ ನೋರಾ ಐಸಾಕ್, ಎದುರಿಗೆ ಏಳೇ ಮಕ್ಕಳು. ಲೆಕ್ಕ, ಆಟ, ಜಗಳ ಎಲ್ಲವೂ ವೆಲ್ಷಿನಲ್ಲೇ, ಗಟ್ಟಿ ದನಿಯಲ್ಲೇ. ಆ ಏಳರಲ್ಲಿ ಒಬ್ಬ ಓವೆನ್, ತಾತನ ಹೆಸರು ಹೊತ್ತ ಮೊಮ್ಮಗ. ಮುಂದೆ ವೆಲ್ಷ್ ಟಿವಿ ವಾಹಿನಿ ಎಸ್4ಸಿಯ ಮೊದಲ ನಿರ್ದೇಶಕನಾಗುವವನು ಇವನೇ.

1947ರಲ್ಲಿ ಲನೆಲ್ಲಿಯಲ್ಲಿ ಸ್ಥಳೀಯ ಆಡಳಿತವೇ ವೆಲ್ಷ್ ಶಾಲೆ ತೆರೆಯಿತು. ಇಂದು ಇಂಗ್ಲಿಷ್ ಮಾತನಾಡುವ ಮನೆಗಳ ತಂದೆತಾಯಿಯೂ ತಾವಾಗಿಯೇ ಮಕ್ಕಳನ್ನು ಇಂಥ ಶಾಲೆಗಳಿಗೆ ಸೇರಿಸುತ್ತಾರೆ.