ತಾಳ ತಪ್ಪಿದ ಅಂಬಾಸಡರ್

ತಿಕೋಟಾದ ನಿವೃತ್ತ ಮಾಸ್ತರರೊಬ್ಬರ ಮನೆಯ ಅಂಗಳದಲ್ಲಿ, ಬೇವಿನ ಮರದ ನೆರಳಿನಲ್ಲಿ ಒಂದು ಅಂಬಾಸಡರ್ ಕಾರು ನಿಂತಿರುತ್ತದೆ. 1981ರಲ್ಲಿ ಅವರ ತಂದೆ ಕೊಂಡ ಗಾಡಿ ಅದು. ಮನೆಯ ಇಬ್ಬರು ಸೊಸೆಯರು ಅದರಲ್ಲಿಯೇ ಕುಳಿತು ಮನೆ ತುಂಬಿದರು. ಮಗ, ಮಗಳು ಇಬ್ಬರೂ ವಿಜಾಪುರದ ಆಸ್ಪತ್ರೆಯಲ್ಲಿ ಹುಟ್ಟಿ ಅದರಲ್ಲಿಯೇ ಊರಿಗೆ ಬಂದರು. ಊರಿನ ಹೆಸರು 2014ರಲ್ಲಿ ವಿಜಯಪುರವಾದ ಬಳಿಕವೂ ಮಾಸ್ತರರ ಬಾಯಲ್ಲಿ ಅದು ವಿಜಾಪುರವಾಗಿಯೇ ಉಳಿದಿರುವಂತೆ, ಮಗನ ದೃಷ್ಟಿಯಲ್ಲಿ ಹಳೆಯ ಕಬ್ಬಿಣವಾದ ಗಾಡಿ ಅವರ ದೃಷ್ಟಿಯಲ್ಲಿ ಮನೆಯ ಒಬ್ಬ ಹಿರಿಯನಾಗಿಯೇ ಉಳಿದಿದೆ.

ಮಗ ಪುಣೆಯಲ್ಲಿ ನೌಕರಿಯಲ್ಲಿರುವವನು. ಲೆಕ್ಕ ಬಲ್ಲವನು. ಹದಿನೈದು ವರ್ಷ ಮೀರಿದ ಕಾರಿನ ನೋಂದಣಿಯನ್ನು ನವೀಕರಿಸಲು ಹಿಂದೆ ಸಾಕಾಗುತ್ತಿದ್ದ ಆರುನೂರು ರೂಪಾಯಿ 2022ರ ಏಪ್ರಿಲ್‌ನಲ್ಲಿ ಐದು ಸಾವಿರವಾಯಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದು ಹತ್ತು ಸಾವಿರಕ್ಕೇರಿತು. “ಅಪ್ಪಾ, ಇನ್ನ ಅದನ್ನ ಗುಜರಿಗೆ ಹಾಕಿಬಿಡೂನು” ಎಂದು ಅವನು ಫೋನಿನಲ್ಲಿ ಹೇಳಿದಾಗ ಮಾಸ್ತರರು ಉತ್ತರ ಕೊಡಲಿಲ್ಲ. ಮಗಳ ಕುಬುಸ ಮುಗಿಯಲಿ, ಅವಳನ್ನು ಬಾಣಂತನಕ್ಕೆ ಇದೇ ಗಾಡಿಯಲ್ಲಿ ಕರೆತಂದ ಮೇಲೆ ನೋಡೋಣವೆಂದು ಮನಸ್ಸಿನಲ್ಲಿಯೇ ಗಡುವು ಹಾಕಿಕೊಂಡರು. ಮಗಳನ್ನು ಕೊಟ್ಟದ್ದು ಬಬಲೇಶ್ವರಕ್ಕೆ.

ಈ ಗಾಡಿಯ ಹೃದಯದ ವಿಷಯವನ್ನು ಇಲ್ಲಿ ಕೊಂಚ ಹೇಳಬೇಕು. ಅಂಬಾಸಡರ್ ಎಂಬುದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯಿಂದ ಹುಟ್ಟಿದ ವಾಹನ. ಕಲ್ಕತ್ತೆಯ ಸಮೀಪದ ಉತ್ತರಪಾಡಾದಲ್ಲಿ ಹಿಂದೂಸ್ಥಾನ್ ಮೋಟರ್ಸ್ ಸಂಸ್ಥೆ ಐವತ್ತರ ದಶಕದ ಕೊನೆಯಲ್ಲಿ ತಯಾರಿಸತೊಡಗಿದ ಈ ಕಾರಿನ ಉತ್ಪಾದನೆ 2014ರ ಮೇ ತಿಂಗಳಲ್ಲಿ ನಿಂತಿತು. ಮೊದಮೊದಲು ಪಕ್ಕದಲ್ಲಿ ವಾಲ್ವುಗಳಿದ್ದ ಎಂಜಿನ್ ಇತ್ತು. 1959ರಲ್ಲಿ ಅದರ ಸ್ಥಾನಕ್ಕೆ ‘ಬಿ ಸೀರೀಸ್’ ಎಂದು ಹೆಸರಾದ, ತಲೆಯ ಮೇಲೆ ವಾಲ್ವುಗಳನ್ನು ಹೊತ್ತ ಪೆಟ್ರೋಲ್ ಎಂಜಿನ್ ಬಂದಿತು. ನಾಲ್ಕು ಸಿಲಿಂಡರು, ಒಂದೊಂದರ ವ್ಯಾಸ 73 ಮಿಲಿಮೀಟರಿಗೆ ಕೂದಲೆಳೆಯಷ್ಟು ಹೆಚ್ಚು, ಪಿಸ್ಟನ್ ಏರಿಳಿಯುವ ದೂರ 88.9 ಮಿಲಿಮೀಟರು; ನಾಲ್ಕೂ ಕೂಡಿ 1,489 ಸಿ.ಸಿ.; ಬಲ ಸುಮಾರು 55 ಅಶ್ವಶಕ್ತಿ. ವಿಲಾಯತಿಯಲ್ಲಿ ಎಂ.ಜಿ.ಎ. ಎಂಬ ಚೆಲುವಾದ ಪಂದ್ಯದ ಕಾರಿನ ಒಡಲಲ್ಲಿಯೂ ಇದೇ ಎಂಜಿನ್ ಇತ್ತೆಂದರೆ, ನಮ್ಮ ಬಾಡಿಗೆ ಗಾಡಿಗಳನ್ನು ಕಂಡವರು ನಗಬಹುದು. ಆದರೆ ಅದು ನಿಜ.

ಅದರ ಮೈಯೂ ಎರಕದ ಕಬ್ಬಿಣ, ತಲೆಯೂ ಎರಕದ ಕಬ್ಬಿಣ. ಭಾರ ಹೆಚ್ಚು, ಸಹನೆಯೂ ಹೆಚ್ಚು. ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ಇಂಚಿನ ಸಾವಿರ ಪಾಲಿನಲ್ಲಿ ಹದಿನೈದು ಪಾಲು ಸಂದು ಇರಬೇಕು. ಹೆಚ್ಚಾದರೆ ಹೊಲಿಗೆ ಯಂತ್ರದಂತೆ ಟಕಟಕ ಸದ್ದು, ಕಡಿಮೆಯಾದರೆ ಸದ್ದೇ ಇಲ್ಲದೆ ವಾಲ್ವು ಸುಟ್ಟುಹೋಗುತ್ತದೆ. ಸದ್ದು ಮಾಡುವ ರೋಗಕ್ಕಿಂತ ಮಾಡದ ರೋಗವೇ ಇಲ್ಲಿ ಕೆಟ್ಟದ್ದು. 2000ದಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸವನ್ನು ತೆಗೆದ ಮೇಲೆ ಈ ಕಾಟ ಇಮ್ಮಡಿಯಾಯಿತು. ಸೀಸದ ತೆಳುಲೇಪನದ ಆಸರೆಯಲ್ಲಿದ್ದ ಕಬ್ಬಿಣದ ವಾಲ್ವ್‌ಪೀಠ ಸವೆದು, ವಾಲ್ವು ಒಳಗೊಳಗೆ ಇಳಿದು, ಸಂದು ತಾನಾಗಿಯೇ ಮುಚ್ಚತೊಡಗಿತು. ಈಗಿನ ಪೆಟ್ರೋಲಿನಲ್ಲಿ ಬೆರೆಯುವ ಎಥನಾಲ್ ಹಳೆಯ ರಬ್ಬರಿನ ನಳಿಗೆಗಳನ್ನೂ ಪಂಪಿನ ಪೊರೆಯನ್ನೂ ಮೆತ್ತಗೆ ಮಾಡುತ್ತದೆ. ಇನ್ನು ಹಿಂಬದಿಯಿಂದ ಎಣ್ಣೆ ತೊಟ್ಟಿಕ್ಕುವುದನ್ನು ಯಾರೂ ದೋಷವೆಂದು ಎಣಿಸಿದಂತಿಲ್ಲ. ಅಂಬಾಸಡರ್ ನಿಂತ ನೆಲದಲ್ಲಿ ಕಪ್ಪು ಕಲೆಯಿಲ್ಲದಿದ್ದರೆ ಎಣ್ಣೆಯೇ ಮುಗಿದಿದೆಯೆಂದು ಅರ್ಥ ಮಾಡುವುದು ವಾಡಿಕೆ.

ಬೇಸಗೆಯ ಜಾಡ್ಯ ಬೇರೆ. ಪಾರ 40 ಡಿಗ್ರಿ ದಾಟಿದ ಮಧ್ಯಾಹ್ನ ಪಂಪಿನಲ್ಲಿಯೇ ಪೆಟ್ರೋಲು ಆವಿಯಾಗಿ, ದ್ರವವನ್ನು ಎಳೆಯಬೇಕಾದ ಪಂಪು ಆವಿಯನ್ನು ನುಂಗುತ್ತ ಕೂಡುತ್ತದೆ, ಗಾಡಿ ನಿಲ್ಲುತ್ತದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಕಾಲು ಗಂಟೆ ಮರದ ಕೆಳಗೆ ಕುಳಿತು, ಮತ್ತೆ ಹೊರಡುವುದು ಮಾಸ್ತರರಿಗೆ ಹಲವು ವರ್ಷಗಳ ಅಭ್ಯಾಸ. ಅದಕ್ಕೆಂದೇ ಗಾಡಿಯಲ್ಲಿ ಒಂದು ಹಳೆಯ ಧೋತರದ ತುಂಡು ಇರುತ್ತಿತ್ತು.

ಕುಬುಸದ ದಿನ ಹಸಿರು ಸೀರೆ, ಬಳೆ, ಬುತ್ತಿಯ ಗಂಟುಗಳೊಂದಿಗೆ ದಂಪತಿಗಳು ತಿಕೋಟಾ ಬಿಟ್ಟರು. ವಿಜಯಪುರದಲ್ಲಿ ಹೂವು ಹಣ್ಣು ಕೊಂಡು ಬಬಲೇಶ್ವರದ ದಾರಿ ಹಿಡಿದರು. ಊರು ದಾಟಿ ಕೆಲವೇ ಮೈಲಿ ಹೋಗುವಷ್ಟರಲ್ಲಿ ಗಾಡಿಯ ಬಲ ಒಮ್ಮೆಲೇ ಅರ್ಧಕ್ಕಿಳಿಯಿತು. ಮಾಸ್ತರರು ಎಂದಿನಂತೆ ಧೋತರವನ್ನು ತೋಯಿಸಿ ಸುತ್ತಿದರು. ಕಾಲು ಗಂಟೆ ಕಳೆಯಿತು. ಅರ್ಧ ಗಂಟೆಯೂ ಕಳೆಯಿತು. ಎಂಜಿನ್ ಶುರುವಾಗುತ್ತಿತ್ತು, ನಡುಗುತ್ತಿತ್ತು, ಎಳೆಯುತ್ತಿರಲಿಲ್ಲ. “ಮುಹೂರ್ತ ಮೀರತೈತ್ರಿ” ಎಂದು ಮಡದಿ ಒಂದೇ ಮಾತು ಅಂದರು. ಗಾಡಿಯನ್ನು ಪಕ್ಕದ ಹೊಲದವರ ವಶಕ್ಕೆ ಒಪ್ಪಿಸಿ, ಗಂಟುಗಳನ್ನು ಹೊತ್ತು, ಬಸ್ಸಿನಲ್ಲಿ ನಿಂತು ಹೋದರು. ಆರತಿಯ ಹೊತ್ತಿಗೆ ತಲುಪಿದರೆಂಬುದೊಂದೇ ಸಮಾಧಾನ. ಅಂದೇ ಬಾಡಿಗೆಯ ಗಾಡಿಯಲ್ಲಿ ಮಗಳನ್ನು ಕಳುಹಿಸಲು ಬೀಗರು ಸಿದ್ಧರಿದ್ದರು. ಮಗಳು ತಂದೆಯ ಮುಖ ನೋಡಿ, “ಎಂಟು ದಿನ ಬಿಟ್ಟು ಬರತೇನಿ, ನಮ್ಮ ಗಾಡ್ಯಾಗ” ಎಂದಳು. ಏಳನೆಯ ತಿಂಗಳ ಗರ್ಭಿಣಿಯ ಮಾತಿಗೆ ಯಾರೂ ಎದುರಾಡಲಿಲ್ಲ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಗಾಡಿ ವಿಜಯಪುರಕ್ಕೆ ಬಂದಿತು. ಅಲ್ಲಿಯ ವೃದ್ಧ ಮೇಸ್ತ್ರಿ ಮೊದಲು ಬಾನೆಟ್ ತೆರೆಯಲಿಲ್ಲ. ಎಂಜಿನ್ ಶುರು ಮಾಡಿಸಿ, ಕಣ್ಣು ಮುಚ್ಚಿ ಸದ್ದು ಕೇಳಿದರು. ಈ ಎಂಜಿನ್ನಿನಲ್ಲಿ ಕಿಡಿ ಹಾರುವ ಕ್ರಮ ಒಂದು, ಮೂರು, ನಾಲ್ಕು, ಎರಡು. ಯಾವುದಾದರೂ ಒಂದು ಸಿಲಿಂಡರು ಸತ್ತರೆ ಮೂರು ಪೆಟ್ಟು, ಒಂದು ಬಿಡುವು, ಕುಂಟನ ನಡಿಗೆ. ಆದರೆ ಇಲ್ಲಿ ಕುಂಟಿರಲಿಲ್ಲ. ಒಂದು ಪೆಟ್ಟು, ಒಂದು ಬಿಡುವು, ಮತ್ತೆ ಒಂದು ಪೆಟ್ಟು. ತಾಳ ಸರಿಯಾಗಿದೆ, ವೇಗ ಮಾತ್ರ ಅರ್ಧವಾಗಿದೆ. ಅಂದರೆ ಸತ್ತದ್ದು ಕ್ರಮದಲ್ಲಿ ಒಂದು ಬಿಟ್ಟು ಒಂದು: ಎರಡು ಮತ್ತು ಮೂರು, ಇಲ್ಲವೆ ಒಂದು ಮತ್ತು ನಾಲ್ಕು. ಮೇಸ್ತ್ರಿ ಎರಡನೆಯ ಪ್ಲಗ್ಗಿನ ತಂತಿ ಕಿತ್ತರು, ಸದ್ದು ಬದಲಾಗಲಿಲ್ಲ. ಮೂರನೆಯದನ್ನು ಕಿತ್ತರು, ಆಗಲೂ ಇಲ್ಲ. ಪ್ಲಗ್ಗುಗಳನ್ನು ಬಿಚ್ಚಿ ರಂಧ್ರಕ್ಕೆ ಹೆಬ್ಬೆರಳಿಟ್ಟರೆ ಅವೆರಡರಲ್ಲಿ ಒತ್ತಡವೇ ಇರಲಿಲ್ಲ.

“ಮಾಸ್ತರ್ರ, ಇದು ಆವಿ ಕಟ್ಟಿದ್ದಲ್ರಿ. ಎರಡು ಮನಿ ನಡುವಿನ ಗ್ವಾಡಿ ಬಿದ್ದೈತಿ.”

ಗೋಡೆಯೆಂದರೆ ತಲೆಗೂ ಮೈಗೂ ನಡುವಿನ ಹೆಡ್ ಗ್ಯಾಸ್ಕೆಟ್. ಅದು ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ನಡುವೆಯೇ ಸುಟ್ಟದ್ದು ಆಕಸ್ಮಿಕವಲ್ಲ. ಈ ಎಂಜಿನ್ನಿನ ತಲೆಯಲ್ಲಿ ಒಂದಕ್ಕೂ ನಾಲ್ಕಕ್ಕೂ ಹೊಗೆ ಹೊರಹೋಗಲು ಪ್ರತ್ಯೇಕ ದ್ವಾರಗಳಿದ್ದರೆ, ಎರಡಕ್ಕೂ ಮೂರಕ್ಕೂ ನಡುವೆ ಒಂದೇ ದ್ವಾರ. ಎರಡು ಒಲೆಗಳಿಗೆ ಒಂದೇ ಹೊಗೆಗೂಡು. ಆದ್ದರಿಂದ ಅತಿ ಹೆಚ್ಚು ಕಾಯುವ ಜಾಗ ಅದೇ. ಕಾಯುವುದು ಅದರ ಸ್ವಭಾವ, ತಣಿಸುವುದು ನೀರಿನ ಕೆಲಸ. ತಲೆ ಬಿಚ್ಚಿದಾಗ ನೀರಿನ ಹಾದಿಗಳಲ್ಲಿ ಸುಣ್ಣದಂಥ ಬಿಳಿಯ ಪೊರೆ ಬೆರಳು ದಪ್ಪ ಕಟ್ಟಿತ್ತು.

“ಇಷ್ಟು ವರ್ಷ ಇದಕ್ಕ ಯಾವ ನೀರು ಹಾಕೀರಿ?”

“ಮನೀ ಬೋರಿಂದು.”

“ಆ ನೀರಾಗ ನಿಮ್ಮನ್ಯಾಗ ಬ್ಯಾಳಿ ಬೇಯ್ತಾವೇನ್ರಿ?”

ಮಾಸ್ತರರು ನಿರುತ್ತರರಾದರು. ಬೇಯುವುದಿಲ್ಲವೆಂದು ಅವರ ಮಡದಿ ಸಂಸಾರ ಹೂಡಿದಂದಿನಿಂದ ಹೇಳುತ್ತ ಬಂದಿದ್ದರು. ಬೇಳೆಗೆಂದು ನಳದ ಹೊಳೆನೀರನ್ನು ಬೇರೆಯಾಗಿ ಹಿಡಿದಿಡುತ್ತಿದ್ದರು. ಅದರಲ್ಲಿ ಒಂದು ತಂಬಿಗೆಯನ್ನೂ ಅವರು ಗಾಡಿಗೆ ಕೇಳಿದವರಲ್ಲ. ಕಾಲು ಶತಮಾನ ಪಂಪಿಗೆ ಒದ್ದೆ ಬಟ್ಟೆ ಕಟ್ಟಿದ್ದರು. ಒಳಗಿನ ಬೆಂಕಿಗೆ ಸುಣ್ಣವನ್ನು ಉಣಿಸಿದ್ದರು. ಬಹುಶಃ ಆ ಬಟ್ಟೆಯ ಕಾಲು ಗಂಟೆಯ ವಿಶ್ರಾಂತಿಯೇ ಇಷ್ಟು ದಿನ ಗ್ಯಾಸ್ಕೆಟ್ಟನ್ನು ಕಾಯ್ದಿರಬೇಕು.

ಮೇಸ್ತ್ರಿ ತಲೆಯ ಅಡಿಭಾಗವನ್ನು ಮಟ್ಟ ಹಾಕಿಸಿದರು, ವಾಲ್ವುಗಳನ್ನು ಉಜ್ಜಿ ಕೂರಿಸಿದರು, ನೀರಿನ ಹಾದಿಗಳನ್ನು ಕೆರೆದು ತೊಳೆದರು. ಹೊಸ ಗ್ಯಾಸ್ಕೆಟ್ಟಿನ ಮೇಲೆ ನಟ್ಟುಗಳನ್ನು ನಡುವಿನಿಂದ ಹೊರಗಿನ ಕಡೆಗೆ, ಒಂದೇ ಸಲಕ್ಕಲ್ಲ, ಸುತ್ತು ಸುತ್ತಾಗಿ ಬಿಗಿದರು. ಎಂಜಿನ್ ಕಾದು ಆರಿದ ಬಳಿಕ ಮತ್ತೊಮ್ಮೆ ಬಿಗಿದು, ವಾಲ್ವುಗಳ ಸಂದನ್ನು ಪುನಃ ಅಳೆದರು. ಮಗನಿಗೆ ಮೇಸ್ತ್ರಿಯ ಬಿಲ್ಲು ಎಷ್ಟೆಂದು ತಿಳಿಸುವ ಹೊಣೆ ತಾಯಿಯ ಪಾಲಿಗೆ ಬಂದಿತು. ಆಕೆ ನೋಂದಣಿಯ ಹತ್ತು ಸಾವಿರವನ್ನೂ ಅದರಲ್ಲಿಯೇ ಕೂಡಿಸಿ ಹೇಳಿದರು. ಆ ಕಡೆ ಕೊಂಚ ಹೊತ್ತು ಮೌನ. ಆಮೇಲೆ, “ಅಕ್ಕನ್ನ ಕರಕೊಂಡು ಬಂದ ಮ್ಯಾಲ ಫೋನ್ ಮಾಡ್ರಿ” ಎಂಬ ಮಾತು.

ಒಂಬತ್ತನೆಯ ದಿನ ಬೆಳಿಗ್ಗೆ, ಬಿಸಿಲೇರುವ ಮುನ್ನ, ಗಾಡಿ ಬಬಲೇಶ್ವರದಿಂದ ಹಿಂದಿರುಗಿತು. ಮಗಳು ಹಿಂದಿನ ಆಸನದಲ್ಲಿ ದಿಂಬಿಗೆ ಒರಗಿದ್ದಳು. ಡೋಣಿಯ ಸೇತುವೆ ದಾಟಿದ ಮೇಲೆ ಮಾಸ್ತರರು ಗಾಡಿಯನ್ನು ಮರದ ಕೆಳಗೆ ನಿಲ್ಲಿಸಿದರು. “ಯಾಕ ಅಪ್ಪಾ, ಮತ್ತ ಏನಾತು?” ಎಂದು ಅವಳು ಗಾಬರಿಯಾದಳು. ಏನೂ ಆಗಿರಲಿಲ್ಲ. ಎಂಜಿನ್ ನಾಲ್ಕು ಪೆಟ್ಟುಗಳನ್ನೂ ತುಂಬಿ ಮೆಲ್ಲಗೆ ಮಿಡಿಯುತ್ತಿತ್ತು. ಮಡದಿ ಕಾಲ ಬಳಿ ಇಟ್ಟುಕೊಂಡಿದ್ದ ಹೊಳೆನೀರಿನ ಕ್ಯಾನನ್ನು ಎತ್ತಿ ಕೊಟ್ಟರು. ಮಾಸ್ತರರು ಅದನ್ನು ಹಿಡಿದುಕೊಂಡು, ರೇಡಿಯೇಟರು ಮುಚ್ಚಳ ತೆರೆಯುವಷ್ಟು ತಣ್ಣಗಾಗಲೆಂದು, ಎಂಜಿನ್ ಆರಿಸಿ ರಸ್ತೆಯ ಬದಿಯಲ್ಲಿ ಕುಳಿತರು.